ತೆಳು ದಾರದಲ್ಲಿ ದೊಡ್ಡ ಕಾಟ್ಲಾ: ಹಿನ್ನೀರಿನಿಂದ ದಡಕ್ಕೆ ತರುವ ಬಗೆ

ಗೊರೂರಿನ ಹೇಮಾವತಿ ಹಿನ್ನೀರಾಗಲಿ, ಬೇಲೂರಿನ ಯಗಚಿಯಾಗಲಿ, ಚಿಕ್ಕಮಗಳೂರು ಸೀಮೆಯ ದೊಡ್ಡ ಕೆರೆಗಳಾಗಲಿ, ದಡದಲ್ಲಿ ಗಾಳ ಹಾಕಿ ಕೂತವರ ಸಾಮಾನು ಹೆಚ್ಚುಕಡಿಮೆ ಒಂದೇ: ಏಳಡಿಯ ಫೈಬರ್ ರಾಡ್, 4000 ಅಳತೆಯ ರೀಲ್, ಅದರಲ್ಲಿ ನೂರೈವತ್ತು ಮೀಟರ್ 0.35 ಮಿ.ಮೀ. ಟಂಗೂಸ್ ದಾರ. ಇಷ್ಟರಲ್ಲೇ ಹತ್ತು ಹನ್ನೆರಡು ಕೆ.ಜಿ.ಯ ಕಾಟ್ಲಾ ದಡಕ್ಕೆ ಬರುತ್ತದೆ. ತಪ್ಪಿಸಿಕೊಂಡಾಗ ಮಾತ್ರ ದಾರ ತೆಳುವಾಯಿತು ಅಂತ ಎಲ್ಲರೂ ಮರುವಾರ 0.50ರ ದಾರ ಸುತ್ತಿಸಿಕೊಂಡು ಬರುತ್ತಾರೆ. ದಪ್ಪ ದಾರ ಎಸೆದರೆ ದೂರ ಹೋಗುವುದಿಲ್ಲ, ರೀಲಿನಲ್ಲಿ ಹಿಡಿಸುವುದೂ ಕಡಿಮೆ, ಮೀನು ತಪ್ಪುವುದಂತೂ ನಿಲ್ಲುವುದಿಲ್ಲ. ದಾರ ಹರಿಯುವುದು ಮೀನಿನ ತೂಕಕ್ಕಲ್ಲ, ಜಗ್ಗಿದ ಏಟಿಗೆ.

ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಕಾಟ್ಲಾದ ಹೊಟ್ಟೆಯೊಳಗೆ ಗಾಳಿಚೀಲ ಇದೆ, ಹಾಗಾಗಿ ನೀರಿನಲ್ಲಿ ಅದಕ್ಕೆ ತೂಕವೇ ಇಲ್ಲ ಅನ್ನಬಹುದು. ಹನ್ನೆರಡು ಕೆ.ಜಿ.ಯ ಮೀನು ನೀರಿನಲ್ಲಿ ಇರುವಷ್ಟು ಹೊತ್ತು ನಿಮ್ಮ ದಾರದ ಮೇಲೆ ಬೀಳುವುದು ಅದರ ಈಜಿನ ಬಲ ಮಾತ್ರ. ಆ ಬಲವನ್ನು ರಾಡಿನ ಬಾಗು, ರೀಲಿನ ಡ್ರ್ಯಾಗ್ (ಎಳೆತ ಮಿತಿ ಮೀರಿದಾಗ ದಾರ ಬಿಟ್ಟುಕೊಡುವ, ತಿರುಪಿನಿಂದ ಬಿಗಿ ಮಾಡುವ ತಡೆ), ದಾರದ ಹಿಗ್ಗು ಮೂರೂ ಸೇರಿ ನುಂಗಿಕೊಳ್ಳುತ್ತವೆ. ಈ ಮೂರರಲ್ಲಿ ಒಂದು ಕೆಲಸ ನಿಲ್ಲಿಸಿದ ಕ್ಷಣದಲ್ಲಿ ಮೀನು ತಲೆ ಕೊಡವಿದರೆ ಎಂಟು ಕೆ.ಜಿ. ತಡೆಯುವ ದಾರ ನೂಲಿನ ಹಾಗೆ ಹೋಗುತ್ತದೆ. ಅದೇ ಮೀನನ್ನು ದಾರ ಹಿಡಿದು ನೀರಿನಿಂದ ಮೇಲಕ್ಕೆತ್ತಿದರೆ ಹನ್ನೆರಡು ಕೆ.ಜಿ.ಯೂ ಗಂಟಿನ ಮೇಲೆ. ಮುಂದೆ ಹೇಳುವ ಎಲ್ಲ ಕೆಲಸವೂ ಈ ಎರಡು ಅಪಾಯ ತಪ್ಪಿಸುವುದಕ್ಕೇ.

ಗಂಟು ಮತ್ತು ದಾರ

0.35 ಮಿ.ಮೀ. ಸಾಧಾರಣ ನೈಲಾನ್ ದಾರ ಸುಮಾರು ಎಂಟು ಕೆ.ಜಿ. ತಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಅದು ಒಣ ದಾರದ, ಗಂಟಿಲ್ಲದ ದಾರದ ಲೆಕ್ಕ. ನೆನೆದ ನೈಲಾನಿನ ಬಲ ಸ್ವಲ್ಪ ಇಳಿಯುತ್ತದೆ. ಅದರ ಮೇಲೆ ಗಂಟು. ಬರಿಯ ಮನೆಗಂಟು ಹಾಕಿದರೆ ಅರ್ಧಕ್ಕರ್ಧ ಬಲ ಅಲ್ಲಿಯೇ ಮುಗಿಯುತ್ತದೆ. ಎಸೆಯುವಾಗ ಗಾಳಿಗೆ ದಾರದ ನಡುವೆ ತಾನಾಗಿ ಬೀಳುವ ಚಿಕ್ಕ ಗಂಟೂ ಅದೇ ಜಾತಿಯದು, ಕಂಡ ಕೂಡಲೇ ಅಲ್ಲಿಗೆ ಕತ್ತರಿಸಿ ಮತ್ತೆ ಕಟ್ಟಿ. ಬಿಡಿಸಿದರೂ ಮಡಚಿದ ಗುರುತು ಉಳಿದಿರುತ್ತದೆ, ಮುಂದೆ ಹರಿಯುವುದು ಆ ಗುರುತಿನಲ್ಲೇ.

ಕೊಕ್ಕೆಗೆ ಐದು ಸುತ್ತಿನ ಗಂಟು ಸಾಕು, ಆದರೆ ಸರಿಯಾಗಿ ಬೀಳಬೇಕು. ದಾರದ ತುದಿಯನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಿ ಒಂದು ಗೇಣು ಹೊರಗೆ ಎಳೆದುಕೊಳ್ಳಿ. ಆ ತುದಿಯನ್ನು ಮುಖ್ಯ ದಾರದ ಸುತ್ತ ಐದು ಸಲ ಸುತ್ತಿ. ಈಗ ಕಣ್ಣಿಗೆ ತೀರಾ ಹತ್ತಿರ ಒಂದು ಸಣ್ಣ ಕುಣಿಕೆ ಕಾಣುತ್ತದೆ, ತುದಿಯನ್ನು ವಾಪಸು ಅದರೊಳಗೆ ತೂರಿಸಿ. ಹಾಗೆ ತೂರಿಸಿದಾಗ ಹೊಸದಾಗಿ ಒಂದು ದೊಡ್ಡ ಕುಣಿಕೆ ಆಗಿರುತ್ತದೆ, ಅದರೊಳಗೂ ತೂರಿಸಿ. ಬಿಗಿಯುವ ಮುಂಚೆ ಗಂಟನ್ನು ಎಂಜಲಿನಿಂದ ಒದ್ದೆ ಮಾಡಲೇಬೇಕು. ಒಣ ಗಂಟು ಎಳೆದರೆ ದಾರಕ್ಕೆ ದಾರ ಉಜ್ಜಿ ಬಿಸಿಯಾಗಿ ನೈಲಾನ್ ಸುಕ್ಕುಗಟ್ಟುತ್ತದೆ. ಬಿಗಿದ ಮೇಲೆ ನೋಡಿ: ಐದು ಸುತ್ತೂ ಒಂದರ ಪಕ್ಕ ಒಂದು ಕೂತಿರಬೇಕು. ಒಂದರ ಮೇಲೊಂದು ಹತ್ತಿದ್ದರೆ, ದಾರ ಬೆಳ್ಳಗೆ ಸುರುಳಿಯಾಗಿದ್ದರೆ, ಕತ್ತರಿಸಿ ಇನ್ನೊಂದು ಹಾಕಿ. ಹೊರಗುಳಿದ ತುದಿಯನ್ನು ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಬುಡಕ್ಕೇ ಕತ್ತರಿಸಿದರೆ ಜಾರುತ್ತದೆ.

ಕೂರುವ ಮುಂಚೆ ಕೊನೆಯ ಮೂರು ಮೀಟರ್ ದಾರವನ್ನು ಹೆಬ್ಬೆರಳು ಮತ್ತು ತೋರುಬೆರಳ ಉಗುರಿನ ನಡುವೆ ಎಳೆದು ನೋಡಿ. ಎಲ್ಲಾದರೂ ಒರಟು ಸಿಕ್ಕರೆ ಅಷ್ಟನ್ನೂ ತೆಗೆಯಿರಿ. ಹೇಮಾವತಿ ತಳದಲ್ಲಿ ಕಲ್ಲು, ಮುಳುಗಿದ ಹಳ್ಳಿಗಳ ಗೋಡೆ, ಮರದ ಬೊಡ್ಡೆ ಎಲ್ಲ ಇದೆ, ಒಂದು ಸಲ ಉಜ್ಜಿದ ದಾರವನ್ನು ನಂಬುವಂತಿಲ್ಲ. ಬಿಸಿಲಿನಲ್ಲಿ ವರ್ಷವಿಡೀ ಒಣಗಿದ ದಾರವೂ ಅಷ್ಟೇ.

ಕೊಕ್ಕೆಯ ವಿಷಯದಲ್ಲಿ ಒಂದು ಮಾತು. ಹಿಂಡಿಯ ಉಂಡೆಯ ಸುತ್ತ ನಾಲ್ಕೈದು ಕೊಕ್ಕೆ ತೂಗುಬಿಡುವ ಗಾಳ ನಮ್ಮಲ್ಲಿ ಎಲ್ಲ ಕಡೆ ಇದೆ. ಕಾಟ್ಲಾ ಉಂಡೆಯನ್ನು ಹೀರಿಕೊಳ್ಳುವಾಗ ಯಾವುದಾದರೂ ಒಂದು ತುಟಿಗೆ ಬೀಳುತ್ತದೆ, ಅದು ನಿಜ. ಉಳಿದ ಕೊಕ್ಕೆಗಳು ಬಾಯಿಯ ಹೊರಗೆ ನೇತಾಡುತ್ತಿರುತ್ತವೆ. ಓಡುವಾಗ ಬೊಡ್ಡೆಗೆ ಸಿಕ್ಕುವುದು ಅವು, ಬಲೆಯ ಅಂಚಿಗೆ ಸಿಕ್ಕಿ ಅರ್ಧ ಒಳಗೆ ಅರ್ಧ ಹೊರಗೆ ಇರುವ ಮೀನನ್ನು ಕಳೆಯುವುದೂ ಅವೇ, ಕೊನೆಗೆ ನಿಮ್ಮ ಅಂಗೈಗೆ ಹೊಕ್ಕುವುದೂ ಅವೇ. ತೆಳು ದಾರಕ್ಕೆ ಒಂದು ಗಟ್ಟಿ ಕೊಕ್ಕೆ, ಹೆಚ್ಚೆಂದರೆ ಎರಡು. 1/0 ಅಳತೆ ಸಾಕು. ತೆಳ್ಳನೆಯ ಅಗ್ಗದ ಕೊಕ್ಕೆ ದೊಡ್ಡ ಮೀನಿಗೆ ನೆಟ್ಟಗಾಗಿಬಿಡುತ್ತದೆ, ಇಕ್ಕಳದಲ್ಲಿ ಹಿಡಿದು ಬಗ್ಗಿಸಿ ನೋಡಿಯೇ ಕೊಳ್ಳಿ.

ಬಾಟಲಿಯಿಂದ ಡ್ರ್ಯಾಗ್ ಹದ

ಡ್ರ್ಯಾಗ್ ಅಂದಾಜಿನಿಂದ ತಿರುಗಿಸುವ ವಸ್ತುವಲ್ಲ. ದಾರದ ಬಲದ ಕಾಲು ಭಾಗಕ್ಕೆ ಅದು ಬಿಡಬೇಕು, ಎಂಟು ಕೆ.ಜಿ. ದಾರಕ್ಕೆ ಎರಡು ಕೆ.ಜಿ. ಎರಡು ಲೀಟರ್ ನೀರಿನ ಬಾಟಲಿ ತುಂಬಿಸಿದರೆ ಎರಡು ಕೆ.ಜಿ. ಆಯಿತು. ದಾರವನ್ನು ರಾಡಿನ ಎಲ್ಲ ಬಳೆಗಳ ಮೂಲಕ ತಂದು ಬಾಟಲಿಯ ಕತ್ತಿಗೆ ಕಟ್ಟಿ, ಬಾಟಲಿ ನೆಲದ ಮೇಲಿರಲಿ. ರಾಡಿನ ಬುಡವನ್ನು ಹೊಟ್ಟೆಗೆ ಆನಿಸಿ ನಿಧಾನವಾಗಿ ಎತ್ತಿ. ಡ್ರ್ಯಾಗ್ ಸಡಿಲವಿದ್ದರೆ ರೀಲು ಗರಗರ ಅಂತ ದಾರ ಬಿಡುತ್ತದೆ, ಬಾಟಲಿ ಏಳುವುದಿಲ್ಲ. ಚೂರು ಚೂರು ಬಿಗಿ ಮಾಡುತ್ತಾ, ಬಾಟಲಿ ನೆಲ ಬಿಟ್ಟು ಏಳುವ ಆದರೆ ರಾಡನ್ನು ಸ್ವಲ್ಪ ಅಲುಗಿಸಿದರೆ ದಾರ ಬಿಟ್ಟುಕೊಂಡು ಕೆಳಗಿಳಿಯುವ ಹದಕ್ಕೆ ತನ್ನಿ. ಅಲ್ಲಿಗೆ ನಿಲ್ಲಿಸಿ.

ಈ ಕೆಲಸ ಮಾಡಿದವರಿಗೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಏಳಡಿ ರಾಡಿನ ತುದಿಯಲ್ಲಿ ಎರಡು ಕೆ.ಜಿ. ಎತ್ತುವುದು ಮಣಿಕಟ್ಟಿಗೆ ಎಷ್ಟು ಭಾರ ಅಂತ. ರಾಡ್ ಸರಿಯಾಗಿ ಬಾಗಿಸಿ ಹಿಡಿದವರು ಎಷ್ಟೇ ಬಲ ಹಾಕಿದರೂ ಎಂಟು ಕೆ.ಜಿ. ದಾರ ಹರಿಯುವುದು ಕಷ್ಟ. ಹರಿಯುವುದು ರಾಡನ್ನು ಮೀನಿನ ಕಡೆಗೆ ನೆಟ್ಟಗೆ ಚಾಚಿ ಜಗ್ಗಿದಾಗ, ಅಥವಾ ರೀಲಿನಲ್ಲಿ ದಾರ ಸುತ್ತಿರುವ ಉರುಳೆಯನ್ನು, ಅಂದರೆ ಸ್ಪೂಲನ್ನು, ಅಂಗೈಯಿಂದ ಗಟ್ಟಿಯಾಗಿ ಅದುಮಿದಾಗ.

ಅಗ್ಗದ ರೀಲುಗಳಲ್ಲಿ ಒಂದು ದೋಷ ಇದ್ದೇ ಇರುತ್ತದೆ: ಬಹಳ ಹೊತ್ತು ಸುಮ್ಮನಿದ್ದ ಡ್ರ್ಯಾಗಿನ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೀನು ಮೊದಲ ಸಲ ಜಗ್ಗಿದಾಗ ರೀಲು ದಾರ ಬಿಡದೆ ತಡೆದು, ಆಮೇಲೆ ತಟ್ಟನೆ ಬಿಡುತ್ತದೆ. ಆ ಒಂದು ತಡೆಗೇ ದಾರ ಹೋಗಬಹುದು. ಗಾಳ ಹಾಕಿ ಕೂತ ಮೇಲೆ ಆಗಾಗ ಕೈಯಿಂದ ಒಂದು ಗೇಣು ದಾರ ಎಳೆದು ಡ್ರ್ಯಾಗನ್ನು ಬಿಡಿಸಿಡಿ. ಮನೆಗೆ ಹೋದ ಮೇಲೆ ತಿರುಪನ್ನು ಪೂರಾ ಸಡಿಲ ಮಾಡಿಯೇ ಇಡಿ. ಬಿಗಿಯಾಗಿಯೇ ತಿಂಗಳುಗಟ್ಟಲೆ ಇಟ್ಟರೆ ಬಿಲ್ಲೆ ಚಪ್ಪಟೆಯಾಗಿ ಡ್ರ್ಯಾಗ್ ಕೆಡುತ್ತದೆ.

ಮತ್ತೊಂದು ಲೆಕ್ಕ ನೆನಪಿರಲಿ. ತುಂಬಿದ ಸ್ಪೂಲಿನ ಅಡ್ಡಳತೆ 50 ಮಿ.ಮೀ. ಇದ್ದಾಗ ಎರಡು ಕೆ.ಜಿ.ಗೆ ಬಿಡುವ ಡ್ರ್ಯಾಗ್, ದಾರ ಓಡಿ ಸ್ಪೂಲು 40 ಮಿ.ಮೀ.ಗೆ ಇಳಿದಾಗ ಎರಡೂವರೆ ಕೆ.ಜಿ.ಗೆ ಬಿಡುತ್ತದೆ. ತಿರುಪು ಮುಟ್ಟದೇ ಡ್ರ್ಯಾಗ್ ಬಿಗಿಯಾಯಿತು. ಅದರ ಜೊತೆಗೆ ಎಂಬತ್ತು ಮೀಟರ್ ದಾರ ನೀರನ್ನು ಸೀಳುತ್ತಾ ಹೋಗುವ ಎಳೆತ ಬೇರೆ. ಮೀನು ದೂರ ಓಡಿದಾಗ ಎಲ್ಲರಿಗೂ ಡ್ರ್ಯಾಗ್ ಬಿಗಿ ಮಾಡಬೇಕು ಅನಿಸುತ್ತದೆ. ಮಾಡಬೇಕಾದ್ದು ತಿರುವುಮುರುವು: ಅರ್ಧ ಸುತ್ತು ಸಡಿಲ.

ಜಾಗ ನೋಡಿಕೊಳ್ಳುವುದು

ಮೀನು ಬಿದ್ದ ಮೇಲೆ ಎಲ್ಲಿ ದಡಕ್ಕೆ ತರುತ್ತೇವೆ ಅನ್ನುವುದನ್ನು ಗಾಳ ಹಾಕುವ ಮುಂಚೆಯೇ ನಿರ್ಧರಿಸಿರಬೇಕು. ಕಡಿದಾದ ಮಣ್ಣಿನ ದಡ, ಹುದುಲು, ಮುಳ್ಳುಪೊದೆ ಇರುವ ಕಡೆ ಕಚ್ಚಿಸಿದ ಮೀನನ್ನು ದಡಕ್ಕೆ ತರುವುದು ಎರಡು ಪಟ್ಟು ಕಷ್ಟ. ಹಿನ್ನೀರಿನಲ್ಲಿ ಗದ್ದೆಯಾಗಿದ್ದ ಜಾಗ ಇಳಿಜಾರಾಗಿ ಮಟ್ಟಸವಾಗಿರುತ್ತದೆ, ಅಂಥದ್ದು ಒಳ್ಳೆಯದು. ತೋಟವಾಗಿದ್ದ ಜಾಗದಲ್ಲಿ ಬೊಡ್ಡೆ ಇರುತ್ತದೆ. ಇದನ್ನು ತಿಳಿಯಲು ಬೇಸಿಗೆಯೇ ಸಮಯ. ಹೇಮಾವತಿ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಹಳೇ ಚರ್ಚಿನ ಸುತ್ತ ಕಾಲ್ನಡಿಗೆಯಲ್ಲಿ ಓಡಾಡುವಷ್ಟು ನೀರು ಇಳಿದಾಗ ಒಂದು ಸಲ ನೀವು ಕೂರುವ ಜಾಗದ ಮುಂದಿನ ತಳವನ್ನು ನಡೆದು ನೋಡಿ. ಎಲ್ಲಿ ಬೇಲಿಕಂಬ, ಎಲ್ಲಿ ಬಾವಿಕಟ್ಟೆ, ಎಲ್ಲಿ ಮರದ ಬುಡ ಅಂತ ದಡದ ಮೇಲಿನ ಮರಗಳಿಗೆ ಸೇರಿಸಿ ಗುರುತಿಟ್ಟುಕೊಳ್ಳಿ, ಇಲ್ಲವೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮಳೆಗಾಲ ಕಳೆದು ನೀರು ತುಂಬಿದಾಗ ಮೀನು ಓಡುವುದು ಆ ಬೊಡ್ಡೆಗಳ ಕಡೆಗೇ.

ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಕಡೆ ಕೂರಬೇಡಿ. ಒದ್ದೆ ದಾರ, ಒದ್ದೆ ರಾಡ್, ಎತ್ತಿದ ಕೈ, ಇಷ್ಟು ಸಾಕು ಜೀವ ಹೋಗಲು.

ಅನುಮತಿಯ ವಿಷಯವೂ ಇಲ್ಲೇ ಹೇಳಬೇಕು. ಜಲಾಶಯಗಳಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಕೆರೆಗಳನ್ನು ಸಾಮಾನ್ಯವಾಗಿ ಗುತ್ತಿಗೆಗೆ ಅಥವಾ ಮೀನುಗಾರರ ಸಂಘಕ್ಕೆ ಕೊಟ್ಟಿರುತ್ತಾರೆ, ಅವರನ್ನು ಕೇಳಿಯೇ ಕೂರಬೇಕು. ಕಾಟ್ಲಾ, ರೋಹು ಮೊಟ್ಟೆ ಇಡುವುದು ಮುಂಗಾರಿನಲ್ಲಿ, ಆಗ ನಿಷೇಧವಿದ್ದರೆ ಪಾಲಿಸಿ, ಇಲ್ಲದಿದ್ದರೂ ಹೊಟ್ಟೆಯಲ್ಲಿ ಮೊಟ್ಟೆ ತುಂಬಿದ ಮೀನನ್ನು ಬಿಟ್ಟುಬಿಡಿ. ಭದ್ರಾ ಹಿನ್ನೀರಿನ ಅಭಯಾರಣ್ಯದ ಭಾಗದಲ್ಲಿ ಗಾಳ ಹಾಕುವಂತಿಲ್ಲ. ಶೃಂಗೇರಿಯ ತುಂಗೆಯ ಘಟ್ಟದ ಮೀನುಗಳ ತಂಟೆಗಂತೂ ಯಾರೂ ಹೋಗುವುದಿಲ್ಲ.

ಕಚ್ಚಿದ ಮೇಲೆ

ಎರೆ ಬಗ್ಗೆ ಹೆಚ್ಚು ಹೇಳುವುದು ಬೇಡ: ಶೇಂಗಾ ಹಿಂಡಿ, ತೌಡು, ಅಂಟಿಗೆ ಸ್ವಲ್ಪ ಮೈದಾ ಇಲ್ಲವೇ ರಾಗಿಹಿಟ್ಟು. ಕಾಟ್ಲಾದ ಬಾಯಿ ಮೇಲ್ಮುಖ, ಅದು ನೀರಿನ ಮೇಲುಭಾಗದಲ್ಲಿ ಮೇಯುವ ಮೀನು, ಆದ್ದರಿಂದ ಬೆಂಡು ಕಟ್ಟಿ ಎರೆಯನ್ನು ತಳ ಬಿಟ್ಟು ಮೇಲಿಡಿ. ರೋಹು ನಡುನೀರಿನದು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದವು.

ಬೆಂಡು ಮುಳುಗಿತು ಅಂತ ರಾಡನ್ನು ಹಿಂದಕ್ಕೆ ಬೀಸಿ ಹೊಡೆಯಬೇಡಿ. ದೊಡ್ಡ ಕಾಟ್ಲಾ ಎರೆಯನ್ನು ಹೀರಿ ನಿಧಾನವಾಗಿ ಸಾಗುತ್ತದೆ. ಸಡಿಲ ದಾರವನ್ನು ಸುತ್ತಿಕೊಂಡು, ಭಾರ ಕೈಗೆ ಸಿಕ್ಕ ಮೇಲೆ ರಾಡನ್ನು ಒಂದೇ ಸಮ ಎತ್ತಿ ಬಾಗಿಸಿದರೆ ಚೂಪಾದ ಕೊಕ್ಕೆ ತಾನೇ ಇಳಿಯುತ್ತದೆ. ಕಾಟ್ಲಾದ ತುಟಿ ಮಾಂಸಲ ಮತ್ತು ಮೆತ್ತಗೆ. ಜೋರಾಗಿ ಹೊಡೆದರೆ ಅಲ್ಲಿಯೇ ತೂತು ದೊಡ್ಡದಾಗಿ, ಆಮೇಲೆ ದಾರ ಒಂದು ಸಲ ಸಡಿಲವಾದರೆ ಸಾಕು, ಕೊಕ್ಕೆ ಕಳಚಿಕೊಳ್ಳುತ್ತದೆ.

ಮೊದಲ ಓಟವನ್ನು ತಡೆಯಲು ಹೋಗಬೇಡಿ. ಎದುರಿಗೆ ಬೊಡ್ಡೆ ಇಲ್ಲದಿದ್ದರೆ ಓಡಲಿ. ರಾಡ್ ನೆಲಕ್ಕೆ 45ರಿಂದ 60 ಡಿಗ್ರಿ ಇರಲಿ, ಡ್ರ್ಯಾಗ್ ಹಾಡುತ್ತಿರಲಿ, ಕೈ ಹಿಡಿಕೆಯ ಮೇಲೆ ಸುಮ್ಮನಿರಲಿ. ಡ್ರ್ಯಾಗ್ ದಾರ ಬಿಡುತ್ತಿರುವಾಗ ಹಿಡಿಕೆ ತಿರುಗಿಸುವುದು ಬಹಳ ಜನ ಮಾಡುವ ತಪ್ಪು. ದಾರ ಒಳಗೆ ಬರುವುದಿಲ್ಲ, ಬದಲಿಗೆ ತಿರುಚಿಕೊಳ್ಳುತ್ತದೆ. 5:1 ರೀಲಿನಲ್ಲಿ, ಅಂದರೆ ಹಿಡಿಕೆ ಒಂದು ಸುತ್ತು ತಿರುಗಿದರೆ ದಾರ ಸುತ್ತುವ ಭಾಗ ಐದು ಸುತ್ತು ತಿರುಗುವ ರೀಲಿನಲ್ಲಿ, ಹಿಡಿಕೆಯ ಒಂದು ಸುತ್ತಿಗೆ ದಾರದಲ್ಲಿ ಐದು ಮುರಿ ಬೀಳುತ್ತದೆ. ಹತ್ತು ಸುತ್ತು ತಿರುಗಿಸಿದರೆ ಐವತ್ತು. ಆ ಮುರಿಗಳೆಲ್ಲ ದಾರ ಸಡಿಲವಾದ ಕೂಡಲೇ ಗುಂಜಾಗಿ ಬಳೆಗೆ ಸಿಕ್ಕಿಕೊಳ್ಳುತ್ತವೆ.

ಓಟ ನಿಂತಿತು ಅನ್ನುವುದು ಡ್ರ್ಯಾಗಿನ ಸದ್ದು ನಿಂತಾಗ ತಿಳಿಯುತ್ತದೆ. ಈಗ ನಿಮ್ಮ ಸರದಿ. ರಾಡನ್ನು ನಿಧಾನವಾಗಿ ಮೇಲೆತ್ತಿ ಮೀನನ್ನು ಒಂದೆರಡು ಮೀಟರ್ ಎಳೆಯಿರಿ. ನಂತರ ರಾಡನ್ನು ಕೆಳಗಿಳಿಸುತ್ತಾ ಅಷ್ಟೇ ದಾರ ಸುತ್ತಿಕೊಳ್ಳಿ. ಎತ್ತುವಾಗ ಸುತ್ತಬೇಡಿ, ಇಳಿಸುವಾಗ ಮಾತ್ರ. ಇಳಿಸುವ ವೇಗ ಸುತ್ತುವ ವೇಗಕ್ಕಿಂತ ಹೆಚ್ಚಾಗಬಾರದು, ಹೆಚ್ಚಾದರೆ ದಾರ ಸಡಿಲ. ರಾಡ್ ತುದಿಯ ಬಾಗು ಒಂದು ಕ್ಷಣವೂ ಪೂರಾ ಬಿಚ್ಚಿಕೊಳ್ಳಬಾರದು. ಮೀನು ಮತ್ತೆ ಓಡಿದರೆ ನಿಲ್ಲಿಸಿ, ಕೈ ಬಿಡಿ, ಓಡಲಿ.

ಬಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಕೋನ. ರಾಡನ್ನು ಯಾವಾಗಲೂ ನೆಟ್ಟಗೆ ಮೇಲಕ್ಕೇ ಹಿಡಿದರೆ ಮೀನಿನ ತಲೆಯನ್ನು ಮೇಲಕ್ಕೆ ಎಳೆಯುತ್ತೀರಿ, ಅದು ಬಾಲ ಬಡಿಯುತ್ತಾ ಮುಂದಕ್ಕೇ ಹೋಗುತ್ತದೆ. ರಾಡನ್ನು ಪಕ್ಕಕ್ಕೆ, ನೀರಿಗೆ ಸಮನಾಗಿ ಮಲಗಿಸಿ ಎಳೆದರೆ ತಲೆ ಪಕ್ಕಕ್ಕೆ ತಿರುಗುತ್ತದೆ. ತಲೆ ತಿರುಗಿದರೆ ಮೈಯೂ ತಿರುಗಲೇಬೇಕು. ಮೀನು ಎಡಕ್ಕೆ ಹೋಗುತ್ತಿದ್ದರೆ ರಾಡ್ ಬಲಕ್ಕೆ, ಬಲಕ್ಕೆ ಹೋದರೆ ಎಡಕ್ಕೆ. ಪ್ರತಿ ಸಲ ದಿಕ್ಕು ಬದಲಿಸಿದಾಗ ಅದು ತನ್ನ ಬಲವನ್ನು ಮೊದಲಿನಿಂದ ಕೂಡಿಸಿಕೊಳ್ಳಬೇಕು, ದಣಿಯುವುದು ಅದರಲ್ಲೇ. ಎರಡು ಕೆ.ಜಿ. ಎಳೆತ ಬಿಡದೆ ಹೀಗೆ ದಿಕ್ಕು ಬದಲಿಸುತ್ತಾ ಹೋದರೆ ಹತ್ತು ಕೆ.ಜಿ.ಯ ಕಾಟ್ಲಾ ಹೆಚ್ಚಾಗಿ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಬರುತ್ತದೆ. ಹೆದರಿ ಅರೆ ಕೆ.ಜಿ. ಎಳೆತದಲ್ಲಿ ಗಂಟೆಗಟ್ಟಲೆ ಆಡಿಸುವುದು ಜಾಣತನವಲ್ಲ. ಕೊಕ್ಕೆಯ ತೂತು ಅಷ್ಟು ಹೊತ್ತೂ ಅಗಲವಾಗುತ್ತಲೇ ಇರುತ್ತದೆ, ಮೀನಿನ ಮಾಂಸವೂ ಕೆಡುತ್ತದೆ.

ಬೊಡ್ಡೆಯ ಕಡೆ ಓಡಿದರೆ ಮಾತ್ರ ತಡೆಯಬೇಕು. ಡ್ರ್ಯಾಗ್ ತಿರುಪು ಮುಟ್ಟದೆ, ಸ್ಪೂಲಿನ ಅಂಚಿಗೆ ತೋರುಬೆರಳ ತುದಿ ತಾಗಿಸಿ ಒತ್ತಡ ಹೆಚ್ಚಿಸಿ, ರಾಡನ್ನು ಪಕ್ಕಕ್ಕೆ ಮಲಗಿಸಿ. ಬೆರಳಾದರೆ ಅಪಾಯ ಕಂಡ ಕ್ಷಣದಲ್ಲಿ ತೆಗೆಯಬಹುದು, ತಿರುಪಾದರೆ ತೆಗೆಯುವಷ್ಟರಲ್ಲಿ ದಾರ ಹೋಗಿರುತ್ತದೆ. ಅಷ್ಟಾದರೂ ಹೋಗಿ ಸಿಕ್ಕಿಕೊಂಡರೆ ಜಗ್ಗಬೇಡಿ. ದಾರವನ್ನು ಪೂರಾ ಸಡಿಲ ಬಿಟ್ಟು ಐದು ನಿಮಿಷ ಕಾಯಿರಿ. ಎಳೆತ ನಿಂತರೆ ಎಷ್ಟೋ ಸಲ ಮೀನು ಬಂದ ದಾರಿಯಲ್ಲೇ ಹೊರಗೆ ಈಜುತ್ತದೆ. ದಾರ ತಾನಾಗಿ ಸರಿಯುವುದು ಕಂಡಾಗ ಆ ದಿಕ್ಕಿನ ಕಡೆ ನಡೆದುಹೋಗಿ ಮೆಲ್ಲಗೆ ಬಿಗಿ ಮಾಡಿ.

ಸಾಮಾನ್ಯ ಗೆಂಡೆ ಬಿದ್ದಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಅದರ ಬೆನ್ನಿನ ರೆಕ್ಕೆಯ ಮೊದಲ ಮುಳ್ಳಿಗೆ ಗರಗಸದ ಹಲ್ಲು ಇದೆ. ಮೀನು ಹೊರಳಿ ದಾರವನ್ನು ಮೈಗೆ ಸುತ್ತಿಕೊಂಡರೆ ಆ ಮುಳ್ಳು ದಾರವನ್ನು ಕೊಯ್ಯುತ್ತದೆ. ಹತ್ತಿರ ಬಂದು ಹೊರಳತೊಡಗಿದಾಗ ರಾಡಿನ ದಿಕ್ಕು ಬದಲಿಸಿ ತಲೆಯನ್ನು ನಿಮ್ಮ ಕಡೆಗೇ ಇಟ್ಟುಕೊಳ್ಳಿ. ಬಾಳೆಮೀನಿಗೆ ಬಾಯ್ತುಂಬ ಹಲ್ಲು, ಅದಕ್ಕೆ ಕೊಕ್ಕೆಯ ಮೇಲೆ ಒಂದು ಗೇಣು ಉಕ್ಕಿನ ತಂತಿ ಇಲ್ಲದೆ ತೆಳು ದಾರ ನಿಲ್ಲದು.

ರೀಲು ಇಲ್ಲದವರಿಗೆ

ಬಿದಿರು ಕೋಲಿನಲ್ಲಿ ದಾರವನ್ನು ತುದಿಗೆ ಮಾತ್ರ ಕಟ್ಟಬೇಡಿ. ತುದಿಯಲ್ಲಿ ಒಂದು ಗಂಟು ಹಾಕಿ, ಅಲ್ಲಿಂದ ಕೋಲಿನ ಉದ್ದಕ್ಕೂ ಸುತ್ತಿಕೊಂಡು ಬಂದು ಹಿಡಿಯುವ ಕಡೆ ಕಟ್ಟಿ. ತುದಿ ಮುರಿದರೂ ಮೀನು ಬುಡದಲ್ಲಿ ಸಿಕ್ಕಿರುತ್ತದೆ.

ಕೈದಾರ ಅಥವಾ ಗೂಟಕ್ಕೆ ಕಟ್ಟಿದ ಗಾಳಕ್ಕೆ ಹಳೆಯ ಸೈಕಲ್ ಟ್ಯೂಬು ಒಳ್ಳೆಯ ಡ್ರ್ಯಾಗ್. ಟ್ಯೂಬನ್ನು ಒಂದು ಇಂಚು ಅಗಲ, ಒಂದೂವರೆ ಅಡಿ ಉದ್ದದ ಪಟ್ಟಿಯಾಗಿ ಕತ್ತರಿಸಿ. ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿ ದಾರಕ್ಕೆ. ರಬ್ಬರ್ ಹರಿದರೆ ಮೀನು ಹೋಗಬಾರದು, ಅದಕ್ಕೆ ಗೂಟದಿಂದಲೇ ನಾಲ್ಕಡಿ ಉದ್ದದ ಇನ್ನೊಂದು ದಪ್ಪ ದಾರವನ್ನು ಸಡಿಲವಾಗಿ ರಬ್ಬರಿನ ಪಕ್ಕದಲ್ಲಿ ಕಟ್ಟಿಡಿ. ಮೀನು ಜಗ್ಗಿದ ಏಟನ್ನು ರಬ್ಬರ್ ಹಿಗ್ಗಿ ತಿನ್ನುತ್ತದೆ. ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಟ್ಯೂಬು ಬೇಡ.

ಕೈಯಿಂದ ಎಳೆಯುವಾಗ ದಾರವನ್ನು ಅಂಗೈಗೆ ಸುತ್ತಿಕೊಳ್ಳಲೇಬಾರದು. ಹತ್ತು ಕೆ.ಜಿ. ಮೀನು ಓಡಿದರೆ ಸುತ್ತಿದ ಟಂಗೂಸ್ ಬೆರಳಿನ ಮೂಳೆಯವರೆಗೂ ಇಳಿಯುತ್ತದೆ. ತೋಟದ ಕೆಲಸದ ಕೈಗವಸು ಹಾಕಿ, ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಓಡಿದಾಗ ಹೆಬ್ಬೆರಳು ಸಡಿಲಿಸಿದರೆ ಸಾಕು. ಎಳೆದ ದಾರ ಕಾಲಿನ ಸುತ್ತ ಬೀಳದಂತೆ ಒಂದು ಬುಟ್ಟಿಯೊಳಗೆ ಬಿಡುತ್ತಾ ಹೋಗಿ.

ತೆಪ್ಪದಲ್ಲಿ ಕೂತಿದ್ದರೆ ಒಂದು ಅನುಕೂಲ, ಒಂದು ಅಪಾಯ. ತೆಪ್ಪವೇ ಮೀನಿನ ಹಿಂದೆ ಹೋಗುವುದರಿಂದ ದಾರಕ್ಕೆ ಏಟು ಕಡಿಮೆ. ಆದರೆ ನಿಂತುಕೊಂಡು ರಾಡ್ ಹಿಡಿದರೆ ತೆಪ್ಪ ಮಗುಚುತ್ತದೆ. ಮಂಡಿಯೂರಿ ಕೂತು, ಲೈಫ್ ಜಾಕೆಟ್ ಹಾಕಿಕೊಂಡು, ಮೀನು ತೆಪ್ಪದ ಅಡಿಗೆ ನುಗ್ಗಿದರೆ ರಾಡಿನ ತುದಿಯನ್ನು ನೀರಿನೊಳಗೆ ಇಳಿಸಿ ದಾರವನ್ನು ಅಂಚಿನ ಸುತ್ತ ತಿರುಗಿಸಿ ಹೊರತನ್ನಿ. ದಣಿಯದ ಮೀನನ್ನು ತೆಪ್ಪದೊಳಗೆ ಹಾಕಿಕೊಳ್ಳಬೇಡಿ. ಬಾಯಲ್ಲಿ ಕೊಕ್ಕೆ ಇರುವ ಹತ್ತು ಕೆ.ಜಿ. ಮೀನು ನಿಮ್ಮ ಕಾಲಬಳಿ ಬಡಿದಾಡಿದರೆ ಏನೇನಾಗಬಹುದು ಯೋಚಿಸಿ. ದಡ ಹತ್ತಿರವಿದ್ದರೆ ಅಲ್ಲಿಗೇ ಹುಟ್ಟು ಹಾಕಿಸಿ.

ಕೊನೆಯ ಹತ್ತಡಿ

ದೊಡ್ಡ ಮೀನು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ದಾರ ಚಿಕ್ಕದಾಗಿರುವುದರಿಂದ ಹಿಗ್ಗು ಉಳಿದಿಲ್ಲ, ಮೀನು ನಿಮ್ಮನ್ನೋ ಬಲೆಯನ್ನೋ ಕಂಡು ಮತ್ತೊಂದು ಸಲ ನುಗ್ಗುತ್ತದೆ, ನಿಮಗೂ ಅವಸರ. ಮೀನು ಮೊದಲ ಸಲ ಕಣ್ಣಿಗೆ ಬಿದ್ದ ಕೂಡಲೇ ಡ್ರ್ಯಾಗನ್ನು ಕಾಲು ಸುತ್ತು ಸಡಿಲಿಸಿ. ಅದು ಇನ್ನೂ ಎರಡು ಮೂರು ಸಲ ತಿರುಗಿ ಹೋಗಲಿದೆ ಅಂತಲೇ ತಿಳಿಯಿರಿ.

ತರಬಹುದಾದ ಮೀನಿನ ಲಕ್ಷಣ ಹೀಗಿರುತ್ತದೆ: ನೀರಿನ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತದೆ, ಆಮೇಲೆ ಪಕ್ಕಕ್ಕೆ ವಾಲಿ ಹೊಟ್ಟೆಯ ಬಿಳಿ ತೋರಿಸುತ್ತದೆ, ಎಳೆದರೆ ಬಾಲ ಬಡಿಯದೆ ಜಾರಿ ಬರುತ್ತದೆ. ಬೆನ್ನು ಮೇಲಿದ್ದು ರೆಕ್ಕೆ ನಿಮಿರಿದ್ದರೆ ಇನ್ನೂ ದಣಿದಿಲ್ಲ, ಬಲೆ ಚಾಚಬೇಡಿ.

ಬಲೆಯ ಉಂಗುರ ಕನಿಷ್ಠ 26 ಇಂಚು ಅಡ್ಡಳತೆ, ಆಳ 30 ಇಂಚು, ಕೋಲು ಆರಡಿ ಇರಲಿ. ಪೇಟೆಯ ಚಿಕ್ಕ ಬಲೆಯಲ್ಲಿ ಕಾಟ್ಲಾದ ತಲೆಯೇ ಹಿಡಿಸುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ 8 ಮಿ.ಮೀ. ಕಬ್ಬಿಣದ ಸರಳನ್ನು ಬಗ್ಗಿಸಿ ಉಂಗುರ ಮಾಡಿಸಿ, ಒಂದು ಕೊಳವೆ ಬೆಸುಗೆ ಹಾಕಿಸಿ ಬಿದಿರು ಕೋಲು ಸಿಕ್ಕಿಸಿದರೆ ಕೆಲಸ ಮುಗಿಯಿತು. ಬಲೆಯನ್ನು ಮೊದಲೇ ನೆನೆಸಿ ಒಳಗೊಂದು ಬೆಣಚುಕಲ್ಲು ಹಾಕಿಡಿ. ಒಣ ಬಲೆ ನೀರಿನ ಮೇಲೆ ತೇಲುತ್ತದೆ, ಮೀನು ಅದನ್ನು ಮುಟ್ಟಿ ಬೆದರುತ್ತದೆ.

ಬಲೆಯನ್ನು ಮೀನಿನ ಕಡೆಗೆ ತೂರಬೇಡಿ, ಹಿಂದಿನಿಂದ ಅಟ್ಟಲೇಬೇಡಿ. ನೀರೊಳಗೆ ಒಂದಡಿ ಆಳಕ್ಕೆ ಮುಳುಗಿಸಿ ಅಲುಗಾಡದೆ ಹಿಡಿದಿರಿ. ಮೀನಿನ ತಲೆಯನ್ನು ಮೇಲೆ ಇಟ್ಟುಕೊಂಡು ಉಂಗುರದ ಮೇಲೆ ಎಳೆದು ತನ್ನಿ. ತಲೆ ಉಂಗುರ ದಾಟಿ ಬಲೆಯ ಹಿಂದಿನ ಅಂಚಿಗೆ ತಾಗಿದಾಗ ಉಂಗುರ ಎತ್ತಿ, ಅದೇ ಕ್ಷಣ ದಾರ ಸಡಿಲಿಸಿ. ಸಡಿಲ ಸಿಕ್ಕ ಮೀನು ಮುಂದಕ್ಕೆ ನುಗ್ಗಿ ಬಲೆಯ ತಳಕ್ಕೇ ಹೋಗುತ್ತದೆ. ಬಾಲದ ಕಡೆಯಿಂದ ಬಲೆ ಹಾಕಿದರೆ ಅದೇ ನುಗ್ಗು ಮೀನನ್ನು ಹೊರಗೆ ಕೊಂಡೊಯ್ಯುತ್ತದೆ. ಒಳಗೆ ಬಿದ್ದ ಮೇಲೆ ಕೋಲು ಹಿಡಿದು ಎತ್ತಬೇಡಿ, ಕೋಲು ಮುರಿಯುತ್ತದೆ ಇಲ್ಲವೇ ಬೆಸುಗೆ ಬಿಡುತ್ತದೆ. ಬಲೆಯನ್ನು ದಡದವರೆಗೂ ನೀರಿನಲ್ಲೇ ಎಳೆದು ತಂದು, ಉಂಗುರವನ್ನು ಎರಡೂ ಕೈಯಿಂದ ಹಿಡಿದು ಎತ್ತಿ.

ಈ ಹೊತ್ತಿನಲ್ಲಿ ರಾಡ್ ಮುರಿಯುವುದೂ ಸಾಮಾನ್ಯ. ಮೀನು ಕಾಲಬಳಿ, ರಾಡ್ ತಲೆಯ ಹಿಂದೆ, ದಾರ ನೇರ ಕೆಳಕ್ಕೆ: ತುದಿ ಮಡಚಿಕೊಂಡು ಪಟ್ಟನೆ ಹೋಗುತ್ತದೆ. ರಾಡ್ ತುದಿಯಿಂದಾಚೆ ರಾಡಿನಷ್ಟೇ ಉದ್ದದ ದಾರ ಯಾವಾಗಲೂ ಹೊರಗಿರಲಿ, ಇನ್ನೂ ಹತ್ತಿರ ತರಬೇಕಾದರೆ ರೀಲು ಸುತ್ತದೆ ನೀವೇ ಹಿಂದಕ್ಕೆ ಹೆಜ್ಜೆಯಿಡಿ.

ಬಲೆ ಇಲ್ಲದಿದ್ದರೆ ಗದ್ದೆಯ ಇಳಿಜಾರಿನಲ್ಲಿ ಮೇಲಕ್ಕೆ ಜಾರಿಸಬಹುದು. ಮಗ್ಗುಲಾದ ಮೀನನ್ನು, ಅದು ನಿಮ್ಮ ಕಡೆ ಬರುತ್ತಿರುವಾಗಲೇ ಎಳೆತ ಬಿಡದೆ ಹಿಂದಕ್ಕೆ ನಡೆಯುತ್ತಾ ಆಳವಿಲ್ಲದ ನೀರಿಗೆ ತನ್ನಿ. ಹೊಟ್ಟೆ ನೆಲ ಮುಟ್ಟಿದ ಕೂಡಲೇ ಎಳೆಯುವುದು ನಿಲ್ಲಿಸಿ. ನೀರಿಲ್ಲದ ಮಣ್ಣಿನ ಮೇಲೆ ದಾರದಿಂದ ಎಳೆದರೆ ತೂಕವೆಲ್ಲ ದಾರದ್ದೇ. ಜೊತೆಗಿದ್ದವರು ಮೀನಿಗೂ ಆಳಕ್ಕೂ ನಡುವೆ ಬಂದು, ಒದ್ದೆ ಗೋಣಿಚೀಲವನ್ನು ಮೀನಿನ ಮೇಲೆ ಹೊದಿಸಿ, ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಕೈ ಎದೆಯ ರೆಕ್ಕೆಗಳ ಅಡಿಗೆ ಹಾಕಿ ಎತ್ತಬೇಕು. ಬರಿಗೈಯಲ್ಲಿ ಕಾಟ್ಲಾ ಜಾರುತ್ತದೆ, ಗೋಣಿಯ ಒರಟಿಗೆ ಜಾರುವುದಿಲ್ಲ.

ದಡ ಮುಟ್ಟಿದ ಮೇಲೆ

ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಮೀನು ತಕ್ಷಣ ಸುಮ್ಮನಾಗುತ್ತದೆ, ಆಗ ಇಕ್ಕಳದಿಂದ ಕೊಕ್ಕೆ ತೆಗೆಯಿರಿ.

ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಕಿವಿರಿನೊಳಗೆ ಬೆರಳು ತೂರಬೇಡಿ, ನೆಲದಿಂದ ಎತ್ತರಕ್ಕೆ ಎತ್ತಬೇಡಿ. ನೀರಿನಲ್ಲಿ ನೆಟ್ಟಗೆ ಹಿಡಿದಿದ್ದು, ಅದು ತಾನೇ ಬಾಲ ಬಡಿದು ಹೊರಟಾಗ ಬಿಡಿ. ತೂಕ ತಿಳಿಯಬೇಕಾದರೆ ಉದ್ದವನ್ನೂ ಹೊಟ್ಟೆಯ ಸುತ್ತಳತೆಯನ್ನೂ ಸೆಂ.ಮೀ.ನಲ್ಲಿ ಅಳೆದು, ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ 29,000ದಿಂದ ಭಾಗಿಸಿ: 85 ಸೆಂ.ಮೀ. ಉದ್ದ, 65 ಸೆಂ.ಮೀ. ಸುತ್ತಳತೆಯ ಮೀನು ಅಂದಾಜು ಹನ್ನೆರಡು ಕೆ.ಜಿ. ದಪ್ಪ ಹುರುಪೆಯ ಮಹಶೀರ್ ಸಿಕ್ಕರೆ ಬಿಡುವುದೊಂದೇ ದಾರಿ. ಕಾವೇರಿ ಮತ್ತು ಅದರ ಉಪನದಿಗಳ ಡುಬ್ಬದ ಮಹಶೀರ್ 2018ರಿಂದ ಅಳಿವಿನ ಅಂಚಿಗೆ ಬಂದ ಮೀನುಗಳ ಜಾಗತಿಕ ಪಟ್ಟಿಯಲ್ಲಿದೆ, ಹೇಮಾವತಿಯೂ ಕಾವೇರಿಯದೇ ಉಪನದಿ.

ಊಟಕ್ಕಾದರೆ ಒದ್ದಾಡಿ ಸಾಯಲು ಬಿಡಬೇಡಿ. ಅದು ಮೀನಿಗೆ ಹಿಂಸೆ, ಮಾಂಸಕ್ಕೂ ಕೇಡು. ಒದ್ದಾಟದಲ್ಲಿ ಸ್ನಾಯುವಿನಲ್ಲಿ ಆಮ್ಲ ಸೇರಿ ಮಾಂಸ ಮೆತ್ತಗಾಗುತ್ತದೆ, ಬೇಗ ಕೆಡುತ್ತದೆ. ಒಂದಡಿ ಉದ್ದದ ಸೀಬೆ ಅಥವಾ ಕಾಫಿ ಗಿಡದ ದೊಣ್ಣೆ ಜೊತೆಗಿರಲಿ. ಕಣ್ಣುಗಳಿಗಿಂತ ಸ್ವಲ್ಪ ಹಿಂದೆ, ತಲೆಯ ಮೇಲ್ಭಾಗದ ನಡುವೆ ಎರಡು ಗಟ್ಟಿ ಏಟು. ಮೈ ನಡುಗಿ, ಕಿವಿರಿನ ಮುಚ್ಚಳದ ಆಟ ನಿಂತರೆ ಪ್ರಜ್ಞೆ ಹೋಯಿತು. ಕೂಡಲೇ ಎರಡೂ ಕಡೆಯ ಮುಚ್ಚಳ ಎತ್ತಿ ಕೆಂಪು ಕಿವಿರಿನ ಬುಡದ ಕಮಾನನ್ನು ಚಾಕುವಿನಿಂದ ಕತ್ತರಿಸಿ, ತಲೆ ಕೆಳಗಾಗಿ ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಬಿಡಿ. ರಕ್ತ ಹೋದ ಕಾಟ್ಲಾ ಮಾಂಸ ಬೆಳ್ಳಗಿರುತ್ತದೆ, ವಾಸನೆಯೂ ಕಡಿಮೆ.

ನಂತರ ಕರುಳು ತೆಗೆದು, ಮೀನಿನ ತೂಕದಷ್ಟೇ ಐಸ್ ಹಾಕಿ. ಹೊಟ್ಟೆಯೊಳಗೂ ತುಂಬಿ. ಐಸ್ ಸಿಗದ ಕಡೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಟ್ಟು, ಗಾಳಿ ಆಡಲು ಬಿಟ್ಟು, ಎರಡು ಮೂರು ಗಂಟೆಯೊಳಗೆ ಮನೆ ಸೇರಿಸಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೇ ಬೆಂದಂತಾಗುತ್ತದೆ. ಕರುಳು ತೆಗೆಯುವಾಗ ಹಸಿರು ಪಿತ್ತಕೋಶ ಒಡೆಯದಂತೆ ನೋಡಿಕೊಳ್ಳಿ. ಒಡೆದರೆ ಮಾಂಸ ಕಹಿ. ಆ ಪಿತ್ತವನ್ನು ಸಕ್ಕರೆ ಕಾಯಿಲೆಗೆ, ಕಣ್ಣಿಗೆ ಒಳ್ಳೆಯದು ಅಂತ ಹಸಿಯಾಗಿ ನುಂಗುವವರಿದ್ದಾರೆ. ಗೆಂಡೆ ಜಾತಿಯ ಮೀನುಗಳ ಪಿತ್ತ ವಿಷ, ಅದರಿಂದ ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದವರ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಯಾರಿಗೂ ಕೊಡಬೇಡಿ, ಮಣ್ಣಿನಲ್ಲಿ ಹೂತುಬಿಡಿ.

ಮತ್ತೆ ಗಾಳ ಹಾಕುವ ಮುಂಚೆ ಕೊನೆಯ ಮೂರು ಮೀಟರ್ ದಾರ ಕತ್ತರಿಸಿ ಬಿಸಾಡದೆ ಜೇಬಿಗೆ ಹಾಕಿಕೊಳ್ಳಿ, ದಡದಲ್ಲಿ ಬಿಟ್ಟ ಟಂಗೂಸ್ ಕೊಕ್ಕರೆಗಳ ಕಾಲಿಗೆ, ದನಗಳ ಗೊರಸಿಗೆ ಸುತ್ತಿಕೊಳ್ಳುತ್ತದೆ. ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿ: ಗೀರು ಬಿದ್ದರೆ ಚೂಪಿದೆ, ಜಾರಿದರೆ ಬದಲಿಸಿ. ಹೊಸ ಗಂಟು ಹಾಕಿ, ಬಾಟಲಿ ಕಟ್ಟಿ ಡ್ರ್ಯಾಗನ್ನು ಮತ್ತೆ ಎರಡು ಕೆ.ಜಿ.ಗೆ ತನ್ನಿ. ಓಡಿದ ಮೀನಿಗೆ ಸಡಿಲಿಸಿದ್ದು ಹಾಗೆಯೇ ಉಳಿದಿರುತ್ತದೆ.